ಮೂರನೆಯ ಸ್ಲೈಡಿನ ಹಸಿರು ಅಂಚು

ಸೋಮವಾರ ಬೆಳಿಗ್ಗೆ ಒಂಬತ್ತೂ ಕಾಲಿಗೆ ಆಪರೇಷನ್ ಥಿಯೇಟರಿನ ಸಿಸ್ಟರ್ ಒಂದು ಸ್ಟೀಲ್ ಬಟ್ಟಲನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಅದರೊಳಗೆ ಒದ್ದೆ ಬಟ್ಟೆಯ ಮೇಲೆ ಒಂದು ಚರ್ಮದ ತುಂಡು, ಹಳೆಯ ನಾಲ್ಕಾಣೆಯಷ್ಟು ಅಗಲ. ಅಂಚಿನ ಒಂದು ಕಡೆ ಕಪ್ಪು ದಾರದ ಒಂದೇ ಹೊಲಿಗೆ. ಹೊಲಿಗೆ ಇದ್ದ ಕಡೆ ಕಣ್ಣು ಎಂದು ಅರ್ಥ.

ತುಂಡನ್ನು ಫಿಲ್ಟರ್ ಕಾಗದದ ಮೇಲೆ ಹೊಲಿಗೆ ಮೇಲ್ಮುಖವಾಗಿ ಬರುವಂತೆ ಹಾಸಿದೆ. ಅಂಚನ್ನು ಒತ್ತಿ ಒಣಗಿಸಿ ನಾಲ್ಕು ಬಣ್ಣ ಹಚ್ಚಿದೆ. ರೆಪ್ಪೆಯ ಕಡೆ ನೀಲಿ, ಕೆನ್ನೆಯ ಕಡೆ ಹಸಿರು, ಮೂಗಿನ ಕಡೆ ಕಪ್ಪು, ಕಿವಿಯ ಕಡೆ ಕೆಂಪು. ಈ ಕೆಲಸಕ್ಕೆಂದೇ ಮಾಡಿದ ಬಣ್ಣಗಳು ದೊಡ್ಡ ಊರುಗಳಲ್ಲಿ ಸಿಗುತ್ತವೆ. ನಾವು ಸ್ಟೇಷನರಿ ಅಂಗಡಿಯ ಡ್ರಾಯಿಂಗ್ ಇಂಕ್ ಬಳಸುತ್ತಿದ್ದೆವು. ಹಚ್ಚಿದ ಮೇಲೆ ತೆಳುವಾದ ಅಸಿಟಿಕ್ ಆಸಿಡ್‌ನಲ್ಲಿ ಒಂದು ನಿಮಿಷ ಅದ್ದಿದರೆ ಬಣ್ಣ ಕಚ್ಚಿಕೊಳ್ಳುತ್ತದೆ. ಆಮೇಲೆ ಫಾರ್ಮಲಿನ್. ಹಳೆಯ ಹಸಿರು ಸೀಸೆ ಹಿಂದಿನ ವಾರ ಮುಗಿದಿತ್ತು. ಅಂಗಡಿಯವನು ಬೇರೊಂದು ಸೀಸೆ ಕೊಟ್ಟಿದ್ದ, ಮೊದಲಿನದಕ್ಕಿಂತ ಗಾಢ. ಹಸಿರು ಹಸಿರೇ ಎಂದು ತಂದಿದ್ದೆ.

ಅದೇ ನಾಲ್ಕು ಬಣ್ಣಗಳಲ್ಲಿ ಕಾಗದದ ಮೇಲೆ ತುಂಡಿನ ಚಿತ್ರವನ್ನೂ ಬರೆದೆ. ಅದನ್ನು ನಾವು ಮ್ಯಾಪ್ ಎನ್ನುತ್ತಿದ್ದೆವು. ಮತ್ತೆ ಎಲ್ಲಿ ಕತ್ತರಿಸಬೇಕು ಎಂಬುದನ್ನು ಸರ್ಜನ್ ಆ ಮ್ಯಾಪ್ ನೋಡಿಯೇ ತೀರ್ಮಾನಿಸುತ್ತಿದ್ದರು.

ಇದು ಕಲ್ಯಾಣದುರ್ಗದ ಒಂದು ಸಣ್ಣ ಆಸ್ಪತ್ರೆಯಲ್ಲಿ, 2006ರ ಏಪ್ರಿಲ್‌ನಲ್ಲಿ. ಚರ್ಮದ ಕ್ಯಾನ್ಸರ್ ತೆಗೆಯಬಲ್ಲ ಸರ್ಜನ್ ಅಲ್ಲಿದ್ದರು. ತೆಗೆದ ತುಂಡಿನ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ ಎಂದು ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳುವ ವೈದ್ಯರು ಇರಲಿಲ್ಲ. ಆ ಕೆಲಸ ಮಾಡುತ್ತಿದ್ದ ಮೇಡಂ ಹಿಂದೂಪುರದಲ್ಲಿದ್ದರು. ಎಂ.ಎಸ್ಸಿ. ಮುಗಿಸಿದ ಮೇಲೆ ನಾನು ಸ್ಲೈಡ್ ಮಾಡಲು ಕಲಿತದ್ದು ಅವರ ಲ್ಯಾಬಿನಲ್ಲೇ. ಮೊಣಕಾಲು ನೋವಿನಿಂದ ಅವರಿಗೆ ಬಸ್ ಪ್ರಯಾಣ ಆಗುತ್ತಿರಲಿಲ್ಲ. ಹಾಗಾಗಿ ನನ್ನನ್ನು ಕಲ್ಯಾಣದುರ್ಗಕ್ಕೆ ಕಳಿಸಿದರು. ನಾನು ಸ್ಲೈಡ್ ಮಾಡಿ, ಮೈಕ್ರೋಸ್ಕೋಪಿಗೆ ಕ್ಯಾಮೆರಾ ಕೂರಿಸಿ ಫೋಟೋ ತೆಗೆದು ಇ-ಮೇಲ್ ಮಾಡುವುದು. ಅವರು ತಮ್ಮ ಕಂಪ್ಯೂಟರಿನಲ್ಲಿ ನೋಡಿ ಫೋನಿನಲ್ಲಿ ಹೇಳುವುದು. ಅಂಚು ಖಾಲಿ, ಅಲ್ಲಿ ಕ್ಯಾನ್ಸರ್ ಇಲ್ಲ ಎಂದರೆ ಸರ್ಜನ್ ಗಾಯ ಹೊಲಿಯುತ್ತಿದ್ದರು. ಇಲ್ಲದಿದ್ದರೆ ಮೇಡಂ ಹೇಳಿದ ಕಡೆ ಮಾತ್ರ ಚರ್ಮದ ಇನ್ನೊಂದು ಪಟ್ಟಿ ತೆಗೆಯುತ್ತಿದ್ದರು. ಅಲ್ಲಿಯವರೆಗೆ ರೋಗಿ ತೆರೆದ ಗಾಯಕ್ಕೆ ಬ್ಯಾಂಡೇಜ್ ಕಟ್ಟಿಕೊಂಡು ವಾರ್ಡಿನಲ್ಲಿರಬೇಕು. ಎಂಟು ತಿಂಗಳಿಂದ ಹೀಗೆ ನಡೆದಿತ್ತು.

ಆ ವರ್ಷ ನನ್ನ ಮನೆಯಲ್ಲಿ ಒಂದು ಮದುವೆಯ ಮಾತು ಮುರಿದಿತ್ತು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಆ ತಿಂಗಳುಗಳಲ್ಲಿ ನನಗೆ ಯಾವುದೂ ತಾಗುತ್ತಿರಲಿಲ್ಲ ಎಂಬುದನ್ನಷ್ಟೇ ಹೇಳಬೇಕು. ಊಟ, ಬಸ್ಸು, ಬಿಸಿಲು ಎಲ್ಲವೂ ಒಂದೇ ಹದದಲ್ಲಿದ್ದವು. ಕೆಲಸಕ್ಕೆ ಇದರಿಂದ ಅನುಕೂಲವೇ ಎಂದುಕೊಂಡಿದ್ದೆ. 

ಈ ತುಂಡು ಐವತ್ತರ ಆಸುಪಾಸಿನ ಒಬ್ಬ ಹೆಂಗಸಿನದು. ಊರು ಸೋಮಂದೇಪಲ್ಲಿ. ನೇಕಾರರ ಮನೆತನ, ಅವರು ಮಗ್ಗದಲ್ಲಿ ಕೂರುವವರಲ್ಲ, ರೇಷ್ಮೆ ನೂಲಿಗೆ ಬಣ್ಣ ಹಾಕುವವರು. ಕಲ್ಯಾಣದುರ್ಗಕ್ಕೆ ಕೊಟ್ಟಿದ್ದ ಮಗಳ ಮನೆಗೆ ಬಂದಿದ್ದಾಗ ಬಲಗಣ್ಣಿನ ಕೆಳಗಿನ ಹುಣ್ಣನ್ನು ತೋರಿಸಲು ಬಂದಿದ್ದರು. ಎರಡು ವರ್ಷದಿಂದ ಮಾಯದ ಹುಣ್ಣು. ಅದು ಮೈಯೆಲ್ಲ ಹರಡುವ ಜಾತಿಯ ಕ್ಯಾನ್ಸರ್ ಅಲ್ಲ, ಆದರೆ ಸುತ್ತಲೂ ಚರ್ಮದಡಿಯಲ್ಲಿ ಬೇರು ಬಿಡುತ್ತದೆ. ಬೇರು ಯಾವ ಕಡೆ ಹೋಗಿದೆ ಎಂದು ಬರಿಗಣ್ಣಿಗೆ ಕಾಣುವುದಿಲ್ಲ.

ಕತ್ತರಿಸುವ ಮೊದಲು ಸರ್ಜನ್ ಅವರಿಗೆ ಎಲ್ಲವನ್ನೂ ಹೇಳಿದ್ದರು. ನಾನೂ ಅಲ್ಲಿದ್ದೆ.

"ನೋಡಮ್ಮ, ಕೆಳಗಿನ ರೆಪ್ಪೆಗೂ ಇದಕ್ಕೂ ಮಧ್ಯೆ ಜಾಗಾನೇ ಇಲ್ಲ. ಬೇರು ಆ ಕಡೆ ಹೋಗಿದ್ರೆ ರೆಪ್ಪೇನೂ ತೆಗೀಬೇಕು. ಹೋಗಿಲ್ಲಾಂದ್ರೆ ಉಳೀತದೆ."

"ರೆಪ್ಪೆ ತೆಗುದ್ರೆ ನಿದ್ದೆ ಹೆಂಗ್ ಮಾಡ್ಲಿ ಸಾರ್? ಮೀನು ಮಲಗ್ದಂಗೆ ಕಣ್ಣು ಬಿಟ್ಕಂಡಾ?"

"ಕೆನ್ನೆ ಚರ್ಮದಿಂದ ಬೇರೆ ಮಾಡಿಕೊಡ್ತೀನಿ. ಆದ್ರೆ ಅದು ಪೂರ್ತಿ ಮುಚ್ಚಲ್ಲ. ನೀರು ಸೋರ್ತಾ ಇರುತ್ತೆ."

"ಬಾಣ್ಲಿ ಮುಂದೆ ನಿಲ್ಲಕ್ಕಾಯ್ತದಾ?"

ನೂಲಿಗೆ ಬಣ್ಣ ಹಾಕುವುದೆಂದರೆ ಕುದಿಯುವ ಬಾಣಲಿಯ ಹಬೆಯಲ್ಲಿ, ಆಸಿಡ್ಡಿನ ವಾಸನೆಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ನಿಲ್ಲುವುದು. ಮುಚ್ಚದ ಕಣ್ಣು ಅಲ್ಲಿ ತಾಳುವುದಿಲ್ಲ. ಸರ್ಜನ್ ಅಡ್ಡಡ್ಡ ತಲೆಯಾಡಿಸಿದರು. ಆಕೆಗೆ ಉತ್ತರ ಸಿಕ್ಕಿತು.

"ಸರೆ ಸಾರ್. ದೇವ್ರು ಆ ಕಡೆ ಬೇರು ಬಿಡುಸ್ದೆ ಇರ್ಲಿ," ಎಂದು ಮಲಗಿದರು.

ಸೋಮವಾರ ಸಂಜೆ ನಾಲ್ಕಕ್ಕೆ ತುಂಡನ್ನು ರೆಪ್ಪೆಯಿಂದ ಕೆನ್ನೆಯ ಕಡೆಗೆ ಉದ್ದುದ್ದವಾಗಿ ಎಂಟು ಹೋಳು ಮಾಡಿದೆ. ಪ್ರತಿ ಹೋಳಿನ ಒಂದು ತುದಿಗೆ ನೀಲಿ, ಇನ್ನೊಂದು ತುದಿಗೆ ಹಸಿರು. ಅವು ರಾತ್ರಿ ಆಲ್ಕೋಹಾಲಿನಲ್ಲಿದ್ದವು. ಮಂಗಳವಾರ ಬೆಳಿಗ್ಗೆ ಕ್ಸೈಲಿನ್, ಆಮೇಲೆ ಕರಗಿದ ಮೇಣ, ಆಮೇಲೆ ಅಚ್ಚು. ಬಿಸಿಲಿಗೆ ಮೇಣ ಮೆತ್ತಗಾಗುತ್ತಿತ್ತು. ಅಚ್ಚುಗಳನ್ನು ಐಸಿನ ಮೇಲಿಟ್ಟು ಕೈಯಿಂದ ತಿರುಗಿಸುವ ಮೈಕ್ರೋಟೋಮಿನಲ್ಲಿ ತೆಳ್ಳಗೆ ಕತ್ತರಿಸಿದೆ. ಎಂಟು ಹೋಳು, ಎಂಟು ಸ್ಲೈಡ್. ಕಲ್ಯಾಣದುರ್ಗದ ಬೋರ್‌ವೆಲ್ ನೀರು ಕುಡಿಯಲು ಸೌಳು, ಆದರೆ ಕೋಶಗಳು ಕಾಣಲೆಂದು ಸ್ಲೈಡಿಗೆ ಹಾಕುವ ನೀಲಿ, ಗುಲಾಬಿ ಬಣ್ಣಗಳಲ್ಲಿ ಮೊದಲನೆಯದು ನೀಲಿಗೆ ತಿರುಗಲು ಅದಕ್ಕಿಂತ ಒಳ್ಳೆಯ ನೀರು ನಾನು ಕಂಡಿಲ್ಲ. ಎರಡು ಗಂಟೆಗೆ ಸ್ಲೈಡ್‌ಗಳು ಸಿದ್ಧವಾದವು.

ಒಂದೊಂದು ಸ್ಲೈಡಿಗೆ ಮೂರು ಫೋಟೋ: ಎರಡು ತುದಿ, ಒಂದು ನಡು. ಯಾವ ತುದಿ ಮೊದಲು ಕಂಡರೆ ಅದನ್ನೇ ಮೊದಲು ತೆಗೆಯುತ್ತಿದ್ದೆ. ಹೆಸರು ಬರೀ ಅಂಕಿ: ಮೂರು-ಒಂದು, ಮೂರು-ಎರಡು, ಮೂರು-ಮೂರು. ಅಂಚಿನ ಬಣ್ಣವೇ ದಿಕ್ಕನ್ನು ಹೇಳುವಾಗ ಬೇರೆ ಹೆಸರು ಬೇಕೆಂದು ನನಗಾಗಲಿ ಮೇಡಂಗಾಗಲಿ ಹೊಳೆದಿರಲಿಲ್ಲ.

ಒಂದು ಫೋಟೋ ಎರಡು ಎಂ.ಬಿ. ಇರುತ್ತಿತ್ತು. ನಮ್ಮ ಇಂಟರ್ನೆಟ್ ಫೋನ್ ಲೈನಿನದು. ಅಷ್ಟು ದೊಡ್ಡದೊಂದು ಹೋಗಲು ಹತ್ತು ನಿಮಿಷ ಬೇಕು, ನಡುವೆ ಲೈನ್ ಕಡಿದರೆ ಮತ್ತೆ ಮೊದಲಿನಿಂದ. ಹಾಗಾಗಿ ಪ್ರತಿ ಫೋಟೋವನ್ನು ನೂರು ಕೆ.ಬಿ.ಗೆ ಇಳಿಸಿ ಕಳಿಸುತ್ತಿದ್ದೆ. ಅಷ್ಟರಲ್ಲಿ ಜೀವಕೋಶಗಳು ಕಾಣುತ್ತವೆ ಎಂದು ಮೇಡಂ ಒಪ್ಪಿದ್ದರು.

ಮೂರು ಗಂಟೆಗೆ ಆ ಹೆಂಗಸು ಮಗಳ ಜೊತೆ ಲ್ಯಾಬಿನ ಬಾಗಿಲಿಗೆ ಬಂದರು. ಬಲಗಣ್ಣಿನ ಮೇಲೆ ದಪ್ಪ ಬ್ಯಾಂಡೇಜ್.

"ಏನಮ್ಮಾಯಿ, ನನ್ ಚರ್ಮಾನ ಟೀವಿಯಾಗೆ ಹಾಕಿದೀಯಂತೆ. ಒಂಚೂರು ತೋರ್ಸು."

ರೋಗಿಗಳಿಗೆ ತೋರಿಸುವ ಪದ್ಧತಿ ಇರಲಿಲ್ಲ. ಬೇಡ ಎನ್ನುವುದಕ್ಕೂ ಮಾತಾಡಬೇಕಿತ್ತು. ಮಾನಿಟರನ್ನು ಅವರತ್ತ ತಿರುಗಿಸಿದೆ.

"ಯಪ್ಪಾ, ರಾಣಿ ಕಲರ್ರು! ಒಳಗೆ ಇಷ್ಟು ಚೆಂದ ಐತಾ?"

"ಊರುಕೋಮ್ಮಾ, ಸುಮ್ಕಿರು, ಅದು ಕ್ಯಾನ್ಸರು," ಎಂದಳು ಮಗಳು.

"ಕ್ಯಾನ್ಸರಾದ್ರೇನೇ, ಬಣ್ಣ ಬಣ್ಣಾನೇ. ಈ ರಾಣಿ ಕಲರ್ ಬರ್ಸಕ್ಕೆ ನಿಮ್ಮಪ್ಪ ಮೂರು ಸಲ ನೂಲು ಹಾಳ್ ಮಾಡಿದ್ದ."

ನಾನು ಫೋಟೋಗಳನ್ನು ಸಣ್ಣದು ಮಾಡುವ ಕೆಲಸ ಮುಂದುವರಿಸಿದೆ. ಎರಡು ತುದಿಗಳ ಇಳಿಸಿದ ಚಿತ್ರಗಳು ತೆರೆಯ ಮೇಲೆ ಅಕ್ಕಪಕ್ಕ ಬಂದಾಗ ಆಕೆ ಒಂದೇ ಕಣ್ಣನ್ನು ಕಿರಿದು ಮಾಡಿ ಹತ್ತಿರ ಬಾಗಿದರು.

"ಇದ್ರಾಗೆ ಬಣ್ಣ ಮಂಕಾಗಿ ಕೂತ್ಬುಟ್ಟೈತೆ ಕಣಮ್ಮ. ಈ ಕೊನೇದು, ಆ ಕೊನೇದು ಎರಡೂನೂ ಒಂದೇ ಬಾಣ್ಲಿಲಿ ಅದ್ದಿ ತೆಗ್ದಂಗೈತೆ."

"ಸಣ್ಣ ಮಾಡಿದ್ರೆ ಹಾಗೇ ಆಗುತ್ತೆ ಅಮ್ಮ," ಎಂದೆ. ಮುಂದಿನ ಫೋಟೋ ತೆರೆದೆ.

ಆಕೆ ಹೇಳಿದ್ದು ಕಿವಿಗೆ ಬಿದ್ದಿತ್ತು. ಉತ್ತರವನ್ನೂ ಕೊಟ್ಟಿದ್ದೆ. ಆ ಉತ್ತರದಲ್ಲಿ ಏನಿದೆ ಎಂದು ನೋಡಲಿಲ್ಲ.

ಆರೂವರೆಗೆ ಮೇಡಂ ಫೋನ್ ಮಾಡಿದರು. ಅವರು ಹೇಳುವುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು ನನ್ನ ಕ್ರಮ.

"ಒಂದು, ಎರಡು ಖಾಲಿ. ಮೂರನೇ ಸ್ಲೈಡು, ನೀಲಿ ಅಂಚು, ಮುಟ್ಟಿದೆ. ಸ್ಪಷ್ಟವಾಗಿ ಮುಟ್ಟಿದೆ. ನಾಲ್ಕರಿಂದ ಎಂಟು ಖಾಲಿ. ಪಾಪ, ರೆಪ್ಪೆ ಕಡೇನೇ ಹೋಗಿದೆಯಲ್ಲ."

ಮೂರು, ನೀಲಿ, ಇದೆ ಎಂದು ಬರೆದೆ. ಸರ್ಜನ್‌ಗೆ ಹೇಳಿದೆ. ಅವರು ತಲೆಯಾಡಿಸಿ, ಬೆಳಿಗ್ಗೆ ಎಂಟೂವರೆಗೆ ಎಂದರು. ಮ್ಯಾಪಿನ ಮೇಲೆ ಮೂರನೆಯ ಹೋಳಿನ ನೀಲಿ ತುದಿಯನ್ನು ಕೆಂಪು ಪೆನ್ಸಿಲಿನಿಂದ ತುಂಬಿ ರೂಮಿಗೆ ಹೋದೆ. ಚೆನ್ನಾಗಿ ನಿದ್ದೆ ಬಂತು.

ಬುಧವಾರ ಬೆಳಿಗ್ಗೆ ಆಕೆ ಆಪರೇಷನ್ ಮೇಜಿನ ಮೇಲೆ ಮಲಗಿದ್ದರು. ರೆಪ್ಪೆಯನ್ನು ತೆಗೆಯಬೇಕಾಗುತ್ತದೆ ಎಂದು ಸರ್ಜನ್ ಹೇಳಿಯಾಗಿತ್ತು.  ಮುಖಕ್ಕೆ ಹಸಿರು ಬಟ್ಟೆ ಹೊದಿಸಿ ಗಾಯದ ಜಾಗ ಮಾತ್ರ ಬಿಟ್ಟಿದ್ದರು. ಮರಗಟ್ಟಿಸುವ ಇಂಜೆಕ್ಷನ್ ಆಗಿತ್ತು. ಸರ್ಜನ್ ಕೆಳರೆಪ್ಪೆಯ ಮೇಲೆ ಪೆನ್ನಿನಿಂದ ಗೆರೆ ಎಳೆಯುತ್ತಿದ್ದರು. ಮ್ಯಾಪನ್ನು ಮೇಜಿನ ಪಕ್ಕದ ಗೋಡೆಗೆ ಅಂಟಿಸುವುದು ನನ್ನ ಕೆಲಸ.

ಟೇಪು ಕತ್ತರಿಸುತ್ತಿದ್ದಾಗ ಮೂರನೆಯ ಹೋಳಿನ ಮೇಲೆ ಕಣ್ಣು ಬಿತ್ತು. ಹಿಂದಿನ ದಿನ ಅದೇ ಸ್ಲೈಡನ್ನು ಫೋಕಸ್ ಮಾಡಿದ್ದು ನೆನಪಾಯಿತು. ಕ್ಯಾನ್ಸರ್ ಕೋಶಗಳ ಕಡುನೀಲಿ ಗುಂಪುಗಳು ಅಂಚಿನವರೆಗೆ ಬಂದಿದ್ದವು, ಅಂಚಿನ ಗೆರೆ ಹಸಿರಾಗಿತ್ತು. ನಾನು ಆ ಹಸಿರಿನ ಮೇಲೇ ಫೋಕಸ್ ಕೂರಿಸಿದ್ದೆ. ನೋಡಿದ್ದು ಹಸಿರು. ಫೋನಿನಲ್ಲಿ ಕೇಳಿದ್ದು ನೀಲಿ. ಬರೆದದ್ದು ನೀಲಿ. ಮೂರೂ ಒಂದೇ ದಿನ ನನ್ನೊಳಗೇ ನಡೆದಿದ್ದವು, ಒಂದಕ್ಕೊಂದು ಭೇಟಿಯಾಗಿರಲಿಲ್ಲ.

ಭಯ ಬರಲಿಲ್ಲ. ನಲ್ಲಿ ತೆರೆದಿಟ್ಟು ಬಂದೆ ಎಂದು ನೆನಪಾದರೆ ಹೇಗೋ ಹಾಗೆ ಹೊರಗೆ ಹೋದೆ. ಪಕ್ಕದ ಕೋಣೆಯಲ್ಲಿ ಮೈಕ್ರೋಸ್ಕೋಪ್ ಹಾಕಿ ಮೂರನೆಯ ಸ್ಲೈಡ್ ಇಟ್ಟೆ. ಹಸಿರೇ. ಕಂಪ್ಯೂಟರಿನಲ್ಲಿ ಕಳಿಸಿದ ಚಿತ್ರ ತೆರೆದೆ. ಅದರಲ್ಲಿ ಆ ಗೆರೆ ಪಕ್ಕದ ಕೋಶಗಳ ನೀಲಿಯನ್ನು ಹೀರಿಕೊಂಡು ಮಂಕಾದ ನೀಲಿಯಾಗಿತ್ತು. ಇನ್ನೊಂದು ತುದಿಯ ಚಿತ್ರದಲ್ಲಿ ನಿಜವಾದ ನೀಲಿಯೂ ಹಾಗೇ ಇತ್ತು.

ವಾಪಸ್ ಬಂದಾಗ ಸರ್ಜನ್ ಬ್ಲೇಡಿಗೆ ಕೈ ಚಾಚಿದ್ದರು.

"ಸರ್, ಶುರು ಮಾಡಬೇಡಿ. ಮೂರನೇ ಸ್ಲೈಡಿನಲ್ಲಿ ಇರೋದು ಹಸಿರು. ನಾನು ನೀಲಿ ಅಂತ ಬರ್ಕೊಂಡಿದೀನಿ."

"ಮೇಡಂ ಏನಂದ್ರು?"

"ನೀಲಿ ಅಂದ್ರು. ನಾನು ಕಳಿಸಿದ ಫೋಟೋದಲ್ಲಿ ನೀಲಿ ಥರಾನೇ ಕಾಣುತ್ತೆ. ಸ್ಲೈಡಿನಲ್ಲಿ ಹಸಿರು."

ಬಟ್ಟೆಯ ಕೆಳಗಿನಿಂದ ದನಿ ಬಂತು. "ಏನಾಯ್ತು ಸಾರ್, ಬ್ಲೇಡು ಮರ್ತ್ ಬಂದ್ರಾ?"

"ಒಂದ್ನಿಮ್ಷ ಇರಮ್ಮ," ಎಂದು ಸರ್ಜನ್ ಗ್ಲೌಸ್ ತೆಗೆದು ನನ್ನ ಹಿಂದೆ ಬಂದರು. ಮೈಕ್ರೋಸ್ಕೋಪಿಗೆ ಬಾಗಿದರು. ಬಹಳ ಹೊತ್ತು ನೋಡಲಿಲ್ಲ.

"ಹಸ್ರೇ. ಹಂಗಾದ್ರೆ ಒಳ್ಳೇದಾಯ್ತಲ್ಲಮ್ಮಾ. ರೆಪ್ಪೆ ಬಿಟ್ಟು ಕೆನ್ನೆ ಕಡೆ ಪಟ್ಟಿ ತೆಗೀತೀನಿ. ಬಾ."

ಅವರ ಮುಖದಲ್ಲಿ ಸಮಾಧಾನ ಕಂಡಿತು. ಅಲ್ಲಿಗೆ ನಾನು ಸುಮ್ಮನಾಗಬಹುದಿತ್ತು. ತಪ್ಪು ಸಿಕ್ಕಿತ್ತು, ಸರಿಯೂ ಆಗುತ್ತಿತ್ತು, ಯಾರಿಗೂ ತೊಂದರೆ ಇರಲಿಲ್ಲ.

"ಸರ್, ಉಳಿದ ಏಳು ಸ್ಲೈಡನ್ನೂ ಮೇಡಂ ಇದೇ ಥರ ಫೋಟೋದಲ್ಲೇ ಓದಿದ್ದಾರೆ. ಬಣ್ಣಾನೇ ಮಂಕಾಗಿ ಕೂತಿರುವಾಗ ಬೇರೆ ಏನು ಕಾಣದೆ ಹೋಗಿದೆಯೋ ಗೊತ್ತಿಲ್ಲ. ರೆಪ್ಪೆ ಕಡೆ ಖಾಲಿ ಅಂತ ನಾನು ಹೇಳೋಕಾಗಲ್ಲ. ನನಗೆ ಗೊತ್ತಿರೋದು ಮೂರನೇ ಸ್ಲೈಡ್ ಒಂದೇ."

"ನೀನೇ ನೋಡು. ಎಂಟು ತಿಂಗಳಿಂದ ನೋಡ್ತಿದೀಯ."

"ನಾನು ಸ್ಲೈಡ್ ಮಾಡೋಳು ಸರ್. ಓದೋಳಲ್ಲ."

ಅವರು ಮೇಡಂಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು. ನಡೆದದ್ದನ್ನು ಹೇಳಿದೆ. ಆ ಕಡೆ ಕಂಪ್ಯೂಟರ್ ಶುರುವಾಗುವ ಸದ್ದು ಕೇಳಿಸಿತು.

"ನನ್ನ ಸ್ಕ್ರೀನ್ ಮೇಲೆ ಈಗ್ಲೂ ನೀಲೀನೇ ಇದೆ," ಎಂದರು ಮೇಡಂ. ಆಮೇಲೆ, "ಸ್ಲೈಡ್ ತಗೊಂಡು ಬಾ," ಎಂದರು.

ದೊಡ್ಡ ಫೋಟೋಗಳನ್ನು ಮತ್ತೆ ಕಳಿಸಬಹುದಿತ್ತು. ಇಪ್ಪತ್ತನಾಲ್ಕು ಫೋಟೋ, ಒಂದಕ್ಕೆ ಹತ್ತು ನಿಮಿಷದಂತೆ ನಾಲ್ಕು ಗಂಟೆ. ಹಿಂದೂಪುರದ ಬಸ್ಸಿಗೂ ನಾಲ್ಕು ಗಂಟೆ. ಬಸ್ಸು ನಡುವೆ ಕಡಿದುಹೋಗಿ ಮತ್ತೆ ಮೊದಲಿನಿಂದ ಹೊರಡುವುದಿಲ್ಲ.

ಸರ್ಜನ್ ಆಕೆಯ ಮುಖದ ಬಟ್ಟೆ ತೆಗೆದರು. "ಇವತ್ತು ಬೇಡಮ್ಮ. ಇಂಟರ್ನೆಟ್ ಸರಿಯಿಲ್ಲ, ರಿಪೋರ್ಟ್ ಇನ್ನೊಂದ್ಸಲ ನೋಡಬೇಕು."

"ಹಂಗಾರೆ ಈ ಇಂಜೆಕ್ಷನ್ ವೇಸ್ಟಾ? ಅರ್ಧ ಮುಖ ಸತ್ತೋಗೈತೆ ಸಾರ್, ಕಾಫಿ ಹೆಂಗ್ ಕುಡೀಲಿ?"

ಸಿಸ್ಟರ್ ನಕ್ಕರು. ನಾನು ಬಾಗಿಲ ಬಳಿ ಸ್ಲೈಡ್‌ಗಳನ್ನು ಮರದ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದೆ. ಇಂಟರ್ನೆಟ್ ಅಲ್ಲ ಎಂದು ಹೇಳಲಿಲ್ಲ.

ಹತ್ತು ಗಂಟೆಯ ಬಸ್ಸು ಪಾವಗಡದ ಮೇಲೆ ಹೋಗುವಂಥದು. ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೆ. ಪಕ್ಕದ ಸೀಟಿನ ಅಜ್ಜಿ ಎರಡು ಸಲ ನೋಡಿ, "ಏನಮ್ಮಾ ಅದು, ದೇವ್ರ ಪೆಟ್ಟಿಗೇನಾ?" ಎಂದು ಕೇಳಿದರು. ಲ್ಯಾಬಿನದು ಎಂದೆ. ಹಾಗೆಂದರೇನು ಎಂದು ಅವರು ಕೇಳಲಿಲ್ಲ. ಮಡಕಶಿರಾದಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಂತಿತು. ಎಲ್ಲರೂ ಇಳಿದರು, ನಾನು ಇಳಿಯಲಿಲ್ಲ.

ಮೇಡಂ ಊಟ ಮಾಡದೆ ಕಾದಿದ್ದರು.  ಸ್ಲೈಡ್ ಇಟ್ಟು, ಎರಡು ತಲೆಯ ಮೈಕ್ರೋಸ್ಕೋಪಿನ ಎದುರು ಕಡೆ ನನ್ನನ್ನು ಕೂರಿಸಿದರು.

"ಬಣ್ಣ ನೀನು ಹೇಳು. ಮುಟ್ಟಿದೆಯೋ ಇಲ್ಲವೋ ನಾನು ಹೇಳ್ತೀನಿ."

ಒಂದರಿಂದ ಶುರು ಮಾಡಿದೆವು. ನೀಲಿ, ಖಾಲಿ. ಹಸಿರು, ಖಾಲಿ. ಎರಡನೆಯದೂ ಹಾಗೇ. ಮೂರು, ಹಸಿರು, ಮುಟ್ಟಿದೆ. ಮೂರು, ನೀಲಿ, ಖಾಲಿ. ನಾಲ್ಕನೆಯ ಸ್ಲೈಡಿನ ಹಸಿರಿಗೆ ಬಂದಾಗ ಅವರು ಸ್ಲೈಡನ್ನು ಹಿಂದಕ್ಕೆ ಮುಂದಕ್ಕೆ ಜರುಗಿಸಿದರು. ದೊಡ್ಡ ಲೆನ್ಸ್ ಹಾಕಿದರು.

"ಇಲ್ಲೂ ಇದೆ. ಐದಾರು ಜೀವಕೋಶದ ಒಂದು ಎಳೆ. ಫೋಟೋದಲ್ಲಿ ನಾನು ಇದನ್ನ ಖಾಲಿ ಅಂದಿದ್ದೆ."

ಮೂರರ ಪಟ್ಟಿಯನ್ನಷ್ಟೇ ತೆಗೆದು ಹೊಲಿದಿದ್ದರೆ ಆ ಎಳೆ ಒಳಗೇ ಉಳಿಯುತ್ತಿತ್ತು. ಒಂದೆರಡು ವರ್ಷದಲ್ಲಿ ಮತ್ತೆ ಅದೇ ಜಾಗದಲ್ಲಿ ಹುಣ್ಣು.  ಎಂಟನೆಯ ಸ್ಲೈಡ್ ಮುಗಿದ ಮೇಲೆ ನೀಲಿ ತುದಿಗಳನ್ನು ಮಾತ್ರ ಮತ್ತೊಮ್ಮೆ ಒಂದರಿಂದ ಎಂಟರವರೆಗೆ ನೋಡಿದರು. ರೆಪ್ಪೆಯ ಕಡೆ ಎಲ್ಲೂ ಇರಲಿಲ್ಲ.

ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನಾನು ಫೋನಿನಲ್ಲಿ ನೀಲಿ ಅಂದಾಗ ನೀನು ಹಸಿರು ಅಂತ ಯಾಕೆ ಹೇಳಲಿಲ್ಲ?"

"ನೀವು ಹೇಳಿದ್ರಿ ಅಂತ ಬರ್ಕೊಂಡೆ."

"ನಾನು ನೋಡಿದ್ದು ನಿನ್ನ ಫೋಟೋ ಕಣೇ. ಸ್ಲೈಡ್ ನೋಡಿದ್ದೋಳು ನೀನೊಬ್ಳೇ."

ನಾನು ಸ್ಲೈಡ್‌ಗಳನ್ನು ಪೆಟ್ಟಿಗೆಗೆ ಜೋಡಿಸತೊಡಗಿದೆ.  "ನನ್ನದೂ ತಪ್ಪು," ಎಂದರು ಮೇಡಂ. "ಆ ನೀಲಿ ನೋಡಿ ಒಂದು ಅನುಮಾನ ಬಂದಿತ್ತು. ಸಂಜೆ ಆಗಿತ್ತು, ಕೇಳಲಿಲ್ಲ. ಊಟ ಮಾಡು ಬಾ."

ಸರ್ಜನ್‌ಗೆ ಫೋನ್ ಮಾಡಿದೆ. ಮೂರು ಮತ್ತು ನಾಲ್ಕು, ಕೆನ್ನೆಯ ಕಡೆ. ರೆಪ್ಪೆ ಖಾಲಿ. ಅವರು ಅದನ್ನು ಬರೆದುಕೊಂಡು ತಿರುಗಿ ನನಗೇ ಓದಿ ಹೇಳಿದರು. ನಾನು ಕೇಳಿರಲಿಲ್ಲ, ಅವರಾಗಿಯೇ ಓದಿದರು. ಆ ರಾತ್ರಿ ಹಿಂದೂಪುರದ ನಮ್ಮ ಮನೆಯಲ್ಲೇ ಮಲಗಿ ಬೆಳಗಿನ ಮೊದಲ ಬಸ್ಸು ಹಿಡಿದೆ.

ಗುರುವಾರ ಕೆನ್ನೆಯ ಕಡೆಯಿಂದ ಬೆರಳಿನ ಉಗುರಿನಷ್ಟು ಅಗಲದ ಒಂದು ಪಟ್ಟಿ ತೆಗೆದರು. ಈ ಸಲ ಹಸಿರು ಹಚ್ಚಲಿಲ್ಲ, ಆ ಜಾಗದಲ್ಲಿ ಹಳದಿ. ಮೊದಲು ಒಂದು ಖಾಲಿ ಸ್ಲೈಡಿನ ಮೇಲೆ ನಾಲ್ಕೂ ಇಂಕಿನ ಒಂದೊಂದು ಚುಕ್ಕೆ ಇಟ್ಟು ಫೋಟೋ ತೆಗೆದೆ, ಮೇಡಂ ತೆರೆಯ ಮೇಲೆ ಯಾವ ಬಣ್ಣ ಹೇಗೆ ಕಾಣುತ್ತದೆ ಎಂದು ಗೊತ್ತಾಗಲಿ ಎಂದು. ಫೋಟೋಗಳಿಗೆ ಅಂಕಿಯ ಜೊತೆ ಅಂಚಿನ ಹೆಸರು ಬರೆದೆ. ನಡುವಿನ ಫೋಟೋ ಬಿಟ್ಟು ಅಂಚುಗಳನ್ನು ಮಾತ್ರ ಪೂರ್ತಿ ಅಳತೆಯಲ್ಲಿ ಕಳಿಸಿದೆ. ಪಟ್ಟಿ ಚಿಕ್ಕದು, ಹೊಸ ಅಂಚಿನ ಫೋಟೋಗಳು ಆರೇ. ಶುಕ್ರವಾರ ಅವು ಹೋಗಿ ಮುಟ್ಟಲು ಎರಡು ಗಂಟೆ ಹಿಡಿಯಿತು. ನಡುವೆ ಐದಾರು ಸಲ ಲೈನ್ ಕಡಿಯಿತು. ಅಷ್ಟು ಹೊತ್ತೂ ಮೋಡೆಮಿನ ದೀಪ ನೋಡುತ್ತ ಕೂತಿದ್ದೆ.

ಮೇಡಂ ಫೋನ್ ಮಾಡಿದಾಗ ಪ್ರತಿ ಸ್ಲೈಡಿಗೂ ನಾನು ಮೈಕ್ರೋಸ್ಕೋಪಿನಲ್ಲಿ ಕಂಡ ಬಣ್ಣ ಹೇಳಿದೆ, ಅವರು ತೆರೆಯ ಮೇಲಿನದನ್ನು ಹೇಳಿದರು. ಎರಡೂ ಹೊಂದಿದ ಮೇಲೆ ಬರೆದೆ. ಎಲ್ಲವೂ ಖಾಲಿ.

ಶನಿವಾರ ಸರ್ಜನ್ ಕೆನ್ನೆಯ ಚರ್ಮವನ್ನು ಸಡಿಲಿಸಿ ಮೇಲಕ್ಕೆಳೆದು ಗಾಯ ಮುಚ್ಚಿದರು. ರೆಪ್ಪೆಯನ್ನು ಮುಟ್ಟಬೇಕಾಗಲಿಲ್ಲ. ಕೈ ತೊಳೆಯುತ್ತ ನನಗೆ "ಒಳ್ಳೇ ಕೆಲ್ಸ ಆಯ್ತಮ್ಮಾ," ಎಂದರು. ನಾನು ಹಸಿರು ಸೀಸೆಯ ಮೇಲೆ ಬಳಸಬಾರದು ಎಂದು ಚೀಟಿ ಅಂಟಿಸಿ ಕಪಾಟಿನ ಹಿಂದಿನ ಸಾಲಿನಲ್ಲಿಟ್ಟೆ. ಖುಷಿಯಾಗಬೇಕಿತ್ತು ಎಂದು ಗೊತ್ತಿತ್ತು. ಅಷ್ಟೇ ಗೊತ್ತಿತ್ತು.

ಒಂದು ತಿಂಗಳ ಮೇಲೆ ಆಕೆ ತೋರಿಸಲು ಬಂದರು. ಸರ್ಜನ್ ನೋಡಿ ಕಳಿಸಿದ ಮೇಲೆ ಒಬ್ಬರೇ ಲ್ಯಾಬಿಗೆ ಬಂದು ಸ್ಟೂಲಿನ ಮೇಲೆ ಕೂತರು. ಕಣ್ಣಿನ ಕೆಳಗೆ ಒಂದು ಗುಲಾಬಿ ಗೆರೆ, ಅಷ್ಟೇ.

"ಸೋಪು ಹಚ್ಕೊಂಡ್ರೆ ಉರಿ ಇಲ್ಲ ಕಣಮ್ಮಾಯಿ. ಗಟ್ಯಾಗಿ ಮುಚ್ಚುತ್ತೆ. ನೋಡು." ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ತೋರಿಸಿದರು. "ಮೊನ್ನೆಯಿಂದ ಬಾಣ್ಲಿ ತಾವ್ಕೆ ಹೋಯ್ತಾ ಇವ್ನಿ. ನಮ್ಮನೆಯವ್ನು ಇನ್ನೊಂದು ತಿಂಗ್ಳು ರೆಸ್ಟ್ ತಗೋ ಅಂದ. ನಾನು ಅವನ್ಗೆ, ನೀನು ಹಾಕಿರೋ ಬಣ್ಣ ನೋಡಿದ್ರೇನೇ ಕಣ್ಣು ಉರೀತದೆ, ಸರ್ಕೋ ಅಂದೆ." ನಕ್ಕರು. "ಆವತ್ತು ನಿಮ್ಮ ಇಂಟರ್ನೆಟ್ಟು ಕೆಟ್ಟಿದ್ದೇ ಒಳ್ಳೇದಾಯ್ತು ಬಿಡು."

"ಇಂಟರ್ನೆಟ್ ಕೆಟ್ಟಿರಲಿಲ್ಲ ಅಮ್ಮ," ಎಂದೆ. "ನಾನು ತಪ್ಪು ಬರ್ಕೊಂಡಿದ್ದೆ. ಕೆನ್ನೆ ಕಡೆ ಇದ್ದದ್ದನ್ನ ರೆಪ್ಪೆ ಕಡೆ ಅಂತ ಬರೆದಿದ್ದೆ. ಇಂಜೆಕ್ಷನ್ ಕೊಟ್ಟ ಮೇಲೆ ಗೊತ್ತಾಯ್ತು."

ಆಕೆಯ ನಗು ನಿಂತಿತು.

"ಯಾರ್ಗೂ ಹೇಳ್ಳಿಲ್ವಾ?"

"ಡಾಕ್ಟರ್‌ಗೆ ಗೊತ್ತು. ನಿಮಗೆ ಹೇಳಿರಲಿಲ್ಲ."

"ಗೊತ್ತಾಗ್ದೆ ಇದ್ದಿದ್ರೆ?"

"ಕೊಯ್ತಿದ್ರು."

"ಎಲ್ಲಿ?"

ನನ್ನ ಬಲಗಣ್ಣಿನ ಕೆಳರೆಪ್ಪೆಯ ಮೇಲೆ ಬೆರಳಿಟ್ಟು, ಸರ್ಜನ್ ಪೆನ್ನಿನಿಂದ ಗೆರೆ ಎಳೆದಿದ್ದ ಜಾಗವನ್ನು ತೋರಿಸಿದೆ. ಮೂಗಿನ ಮಗ್ಗುಲಿನಿಂದ ಮಧ್ಯದವರೆಗೆ. ಆಕೆ ತಮ್ಮ ಬೆರಳನ್ನು ತಮ್ಮ ರೆಪ್ಪೆಯ ಮೇಲಿಟ್ಟು ಅದೇ ಜಾಗದಲ್ಲಿ ನಿಧಾನವಾಗಿ ಸರಿಸಿದರು. ಉಗುರಿನ ಸಂದಿಯಲ್ಲಿ ಯಾವುದೋ ಕೆಂಪು ಬಣ್ಣ ಉಳಿದಿತ್ತು.

"ಇಷ್ಟಾ?"

"ಇಷ್ಟು."

ಆಕೆ ಎದ್ದರು. ಬಯ್ಯುತ್ತಾರೆ ಎಂದುಕೊಂಡೆ. ಸೆರಗು ಸರಿಮಾಡಿಕೊಂಡು ಬಾಗಿಲವರೆಗೆ ಹೋಗಿ ತಿರುಗಿದರು.

"ಆರು ತಿಂಗ್ಳಿಗೆ ಬಾ ಅಂದವ್ರೆ ಡಾಕ್ಟ್ರು. ಆಗ್ಲೂ ನೀನೇ ಇರ್ತೀಯಾ?"

"ಇರ್ತೀನಿ ಅಮ್ಮ."

"ಸರೆ. ಬತ್ತೀನಿ," ಎಂದು ಹೋದರು.

ಹೊರಗೆ ಸಿಸ್ಟರ್ ಮುಂದಿನ ಬಟ್ಟಲು ಹಿಡಿದು ಕರೆಯುತ್ತಿದ್ದರು. ಎರಡನೆಯ ಸಲ ಕರೆದಾಗ ಉತ್ತರ ಕೊಟ್ಟೆ. ನನ್ನ ಬೆರಳು ಇನ್ನೂ ನನ್ನ ರೆಪ್ಪೆಯ ಮೇಲೇ ಇತ್ತು, ಅದರಡಿಯಲ್ಲಿ ಕಣ್ಣು ಮಿಟುಕುವುದು ಬೆರಳಿಗೆ ತಾಗುತ್ತಿತ್ತು.